ಉಳಿತಾಯದ ಲೆಕ್ಕ: ರಂಗಾಚಾರ್ಲು ಅವರ ಕಾಲದ ಒಂದು ಪಾಠ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಹೇಳುತ್ತ ಬಂದಿದ್ದಾರೆ. ಮನೆಯ ಮಟ್ಟಿಗೆ ಇದರ ಅರ್ಥ ಸ್ಪಷ್ಟವಾಗಿಯೇ ಇದೆ. ಅಲ್ಲಿ ಹಾಸಿಗೆಯೂ ನಮ್ಮದು, ಕಾಲೂ ನಮ್ಮದು. ಮಡಿಸಿಕೊಂಡು ಮಲಗಿದರೆ ನೋಯುವುದು ನಮ್ಮ ಮೊಣಕಾಲೇ. ಆದರೆ ಇದೇ ಗಾದೆಯನ್ನು ಸರ್ಕಾರಕ್ಕೆ ಹೇಳಹೊರಟಾಗ ಒಂದು ತೊಡಕು ಎದುರಾಗುತ್ತದೆ. ಅಲ್ಲಿ ಹಾಸಿಗೆ ಯಾರದು? ಕಾಲು ಮಡಿಸಬೇಕಾದವರು ಯಾರು? ಆಡಳಿತದ ವೆಚ್ಚ ತಗ್ಗಬೇಕು, ದಕ್ಷತೆ ಹೆಚ್ಚಬೇಕು ಎಂಬ ಮಾತನ್ನು ಎಲ್ಲ ಕಾಲದ ಎಲ್ಲ ಸರ್ಕಾರಗಳೂ ಆಡಿವೆ. ಆ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಉಳಿತಾಯವಾಯಿತೆಂದು ಸರ್ಕಾರ ಹೇಳಿದಾಗ, ಆ ಖರ್ಚು ನಿಜವಾಗಿ ಇಲ್ಲವಾಯಿತೇ ಅಥವಾ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರಿತೇ ಎಂಬ ಒಂದು ಪ್ರಶ್ನೆಯನ್ನಷ್ಟೆ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಇದಕ್ಕೆ ನಮ್ಮ ಮೈಸೂರು ಸಂಸ್ಥಾನದ ಇತಿಹಾಸದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ.

1881ನೆಯ ಇಸವಿಯ ಮಾರ್ಚ್ 25ರಂದು ಮೈಸೂರಿನ ಆಡಳಿತ ಮರಳಿ ಒಡೆಯರ ಕೈಗೆ ಬಂತು. ಅದಕ್ಕೆ ಮುಂಚೆ ಐವತ್ತು ವರ್ಷಗಳ ಕಾಲ, ಅಂದರೆ 1831ರಿಂದ, ಬ್ರಿಟಿಷ್ ಕಮಿಷನರುಗಳು ಇಲ್ಲಿ ಆಳುತ್ತಿದ್ದರು. ಹದಿನೆಂಟು ತುಂಬಿದ ಚಾಮರಾಜೇಂದ್ರ ಒಡೆಯರು ಸಿಂಹಾಸನದ ಅಧಿಕಾರವನ್ನು ಪಡೆದರು, ದಿವಾನರಾಗಿ ಸಿ. ರಂಗಾಚಾರ್ಲು ಅವರು ನೇಮಕಗೊಂಡರು. ಐವತ್ತು ವರ್ಷಗಳ ಅನಂತರ ಮನೆಗೆ ಮರಳಿದವನ ಸಂತೋಷ ಅಂದು ನಾಡಿಗೆಲ್ಲ ಇದ್ದಿರಬೇಕು. ಆದರೆ ಆ ಮನೆ ಯಾವ ಸ್ಥಿತಿಯಲ್ಲಿತ್ತು?

ಧಾತು ಸಂವತ್ಸರದ ಬರ ಎಂಬ ಮಾತನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಕೇಳುಗರಲ್ಲಿ ವಯಸ್ಸಾದವರು ನೆನಪಿಸಿಕೊಳ್ಳಬಹುದು. ತಾವು ಕಾಣದಿದ್ದ, ತಮ್ಮ ಹಿರಿಯರಿಂದ ಕೇಳಿದ್ದ ಬರ ಅದು. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಈ ನಾಡು ಅನುಭವಿಸಿದ ಕ್ಷಾಮಕ್ಕೆ ಸಮನಾದುದು ನಮ್ಮ ಚರಿತ್ರೆಯಲ್ಲಿ ವಿರಳ. 1871ರ ಜನಗಣತಿಯಲ್ಲಿ 50 ಲಕ್ಷದ 55 ಸಾವಿರದಷ್ಟಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯಲ್ಲಿ 41 ಲಕ್ಷದ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಏರಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಇಳಿಯಿತೆಂದರೆ ಊರೂರುಗಳು ಹೇಗೆ ಬರಿದಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಬೊಕ್ಕಸದಲ್ಲಿ ಕೂಡಿಟ್ಟಿದ್ದ ಹಣ ಕರಗಿಹೋಗಿ, ಇಂಡಿಯಾ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲ ನಿಂತಿತ್ತು. ಇದರ ಮೇಲೆ ವರ್ಷ ವರ್ಷವೂ ಬ್ರಿಟಿಷರಿಗೆ ಸಲ್ಲಿಸಬೇಕಾದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ. ಅದನ್ನು 35 ಲಕ್ಷಕ್ಕೆ ಏರಿಸುವುದಾಗಿ ಹಸ್ತಾಂತರದ ಕರಾರಿನಲ್ಲಿ ಹೇಳಿ, ಕ್ಷಾಮದ ಕಾರಣದಿಂದ ಏರಿಕೆಯನ್ನು ಐದು ವರ್ಷಗಳ ಮಟ್ಟಿಗೆ ಮುಂದಕ್ಕೆ ಹಾಕಿದ್ದರು.

ರಂಗಾಚಾರ್ಲು ಅವರ ಮುಂದೆ ಇದ್ದದ್ದು ಇಂಥ ಲೆಕ್ಕದ ಪುಸ್ತಕ. ಅದಕ್ಕಿಂತಲೂ ಕಠಿಣವಾದ ಇನ್ನೊಂದು ಸಂಗತಿಯಿತ್ತು. ದೇಶೀಯರು ತಮ್ಮ ರಾಜ್ಯವನ್ನು ತಾವೇ ಸಮರ್ಥವಾಗಿ ನಡೆಸಬಲ್ಲರೇ ಎಂದು ಆಳುವವರು ಕಣ್ಣಿಟ್ಟು ಕಾಯುತ್ತಿದ್ದ ಕಾಲ ಅದು. ಬೊಕ್ಕಸ ಮುರಿದುಬಿದ್ದರೆ ಸೋತವರು ಒಬ್ಬ ದಿವಾನರು ಮಾತ್ರವಾಗುತ್ತಿರಲಿಲ್ಲ. ಅವರು ಕೈಗೊಂಡ ವೆಚ್ಚಕಡಿತವನ್ನು ಅಳೆಯುವಾಗ ಈ ಮಾತನ್ನು ನಾವು ಮರೆಯಬಾರದು.

ವೆಚ್ಚಕಡಿತ ಅವರಿಗೆ ಹೊಸ ವಿದ್ಯೆಯೇನೂ ಆಗಿರಲಿಲ್ಲ. ಮದರಾಸಿನ ಸರ್ಕಾರಿ ಸೇವೆಯಲ್ಲಿದ್ದ ಅವರು ಮೈಸೂರಿಗೆ ಬಂದದ್ದು 1868ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದ ವರ್ಷ ಅದು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಮ್ಮಡಿಯವರು ಪೂಜ್ಯರು. ಕೆಂಪುನಾರಾಯಣನು ‘ಮುದ್ರಾಮಂಜೂಷ’ವನ್ನು ಬರೆದದ್ದು ಅವರ ಕಾಲದಲ್ಲಿ. ಆದರೆ ಕವಿಗಳಿಗೂ ಪಂಡಿತರಿಗೂ ನೆರಳಾಗಿದ್ದ ಆ ಔದಾರ್ಯ ಸಾಲದ ರಾಶಿಯನ್ನೂ ಬೆಳೆಸಿತ್ತೆಂಬುದು ಕಹಿಯಾದ ಸತ್ಯ. ಅರಮನೆಯ ಸಾಲವನ್ನು ಇತ್ಯರ್ಥಪಡಿಸುವ, ಲೆಕ್ಕವನ್ನು ಹದಕ್ಕೆ ತರುವ ಅಪ್ರಿಯವಾದ ಕೆಲಸ ರಂಗಾಚಾರ್ಲು ಅವರ ಪಾಲಿಗೆ ಬಂತು. ಮುಂದೆ 1874ರಲ್ಲಿ ಅವರು ಮೈಸೂರಿನ ಬ್ರಿಟಿಷ್ ಆಡಳಿತವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಕಮಿಷನರುಗಳ ಆಡಳಿತ ದುಬಾರಿಯಾದದ್ದು, ದೊಡ್ಡ ಸಂಬಳದ ಹುದ್ದೆಗಳೆಲ್ಲ ಹೊರಗಿನವರ ಪಾಲಾದದ್ದು ಅವರಿಗೆ ಸರಿಕಂಡಿರಲಿಲ್ಲ.

ಆ ಟೀಕೆಯಲ್ಲಿ ಹುರುಳಿತ್ತು. ಕಬ್ಬನ್ ಸಾಹೇಬರು 1834ರಿಂದ 1861ರವರೆಗೆ ಆಳಿದಾಗ ಐರೋಪ್ಯ ಅಧಿಕಾರಿಗಳ ಸಂಖ್ಯೆ ಮಿತವಾಗಿತ್ತು. ಹಳೆಯ ದೇಶೀಯ ಪದ್ಧತಿಗಳನ್ನು ಅವರು ಬಹುಮಟ್ಟಿಗೆ ಉಳಿಸಿಕೊಂಡಿದ್ದರು. ಅವರ ಅನಂತರ ಬಂದ ಬೌರಿಂಗ್ ಸಾಹೇಬರ ಕಾಲದಲ್ಲಿ ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗಗಳಾಗಿಯೂ, ಅವುಗಳ ಕೆಳಗೆ ಎಂಟು ಜಿಲ್ಲೆಗಳಾಗಿಯೂ ವಿಂಗಡಿಸಿದರು. ಇದರಿಂದ ಆಡಳಿತ ಕ್ರಮಬದ್ಧವಾಯಿತು, ನಿಜ. ಜೊತೆಗೆ ಮೇಲಧಿಕಾರಿಗಳ ಮೇಲೆ ಮೇಲಧಿಕಾರಿಗಳೂ ಬಂದರು. ಹಸ್ತಾಂತರದ ಮುಂಚಿನ ವರ್ಷಗಳಲ್ಲಿ, ಕ್ಷಾಮದ ಪೆಟ್ಟು ತಿಂದ ಮೇಲೆ, ಈ ವಿಭಾಗಾಧಿಕಾರಿಗಳ ಹುದ್ದೆಗಳು ಕರಗಿದವು. ಐರೋಪ್ಯರಿದ್ದ ಹಲವು ಸ್ಥಾನಗಳಿಗೆ ದೇಶೀಯರು ಕಡಿಮೆ ಸಂಬಳದಲ್ಲಿ ಬಂದರು. ಇದರಿಂದ ರೈತನಿಗೆ ನಷ್ಟವೇನೂ ಆಗಲಿಲ್ಲ. ಅಮಲ್ದಾರನಿಗೂ ಮುಖ್ಯಾಧಿಕಾರಿಗೂ ನಡುವೆ ಒಂದು ಮೆಟ್ಟಿಲು ಕಡಿಮೆಯಾದರೆ ಅವನ ಅರ್ಜಿ ಹತ್ತಬೇಕಾದ ಮೆಟ್ಟಿಲೂ ಒಂದು ಕಡಿಮೆಯಾದಂತೆಯೇ. ಇಂಥದು ನಿಜವಾದ ಉಳಿತಾಯ. ಬೊಕ್ಕಸದಿಂದ ಹೋಗುತ್ತಿದ್ದ ಹಣ ನಿಂತಿತು. ಬೇರೆ ಯಾರ ಜೇಬಿನಿಂದಲೂ ಅದು ಹೋಗಲಿಲ್ಲ.

ಆದರೆ ಕೊಂಬೆಗಳನ್ನು ಕಡಿಯಹೊರಟ ಕತ್ತಿ ಕೆಲವೊಮ್ಮೆ ಬೇರಿಗೂ ತಾಗುತ್ತದೆ. 1882ರಲ್ಲಿ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಲಾಯಿತು. ಹಾಸನ ಜಿಲ್ಲೆ ಉಪವಿಭಾಗವಾಗಿ ಕಡೂರು ಜಿಲ್ಲೆಗೆ ಸೇರಿತು; ಚಿತ್ರದುರ್ಗ ಜಿಲ್ಲೆ ಉಪವಿಭಾಗವಾಗಿ ತುಮಕೂರಿಗೆ ಸೇರಿತು. ಕೆಲವು ತಾಲ್ಲೂಕುಗಳೂ ತಮ್ಮ ಸ್ಥಾನವನ್ನು ಕಳೆದುಕೊಂಡವು.

ಕಾಗದದ ಮೇಲೆ ಇದು ಎಷ್ಟು ಸುಲಭವಾಗಿ ಕಾಣುತ್ತದೆ! ಇಬ್ಬರು ಡೆಪ್ಯುಟಿ ಕಮಿಷನರುಗಳ ಸಂಬಳ, ಅವರ ಕಚೇರಿಗಳ ಸಿಬ್ಬಂದಿ, ದಫ್ತರಗಳ ಖರ್ಚು, ಎಲ್ಲವನ್ನೂ ಕೂಡಿ ಉಳಿತಾಯದ ಕಲಮಿನಲ್ಲಿ ಬರೆಯಬಹುದು. ಅದು ಸುಳ್ಳೂ ಅಲ್ಲ. ಆದರೆ ಚಳ್ಳಕೆರೆಯ ಕಡೆಯ ಒಬ್ಬ ರೈತನನ್ನು ಇಲ್ಲಿ ಕಲ್ಪಿಸಿಕೊಳ್ಳಿ. ಅಮಲ್ದಾರರ ತೀರ್ಮಾನ ತನಗೆ ಅನ್ಯಾಯವೆಂದು ಅವನಿಗೆ ತೋರಿದೆ. ಜಿಲ್ಲೆಯ ದೊರೆಗಳಿಗೆ ಅಹವಾಲು ಹೇಳಿಕೊಳ್ಳಬೇಕು. ಮೊದಲಾಗಿದ್ದರೆ ಕೋಟೆಯ ಊರಿಗೆ ಬುತ್ತಿ ಕಟ್ಟಿಕೊಂಡು ನಡೆದು ಹೋಗಿ ಬರಬಹುದಾಗಿತ್ತು. ಈಗ ಚಿತ್ರದುರ್ಗವನ್ನು ದಾಟಿ ತುಮಕೂರಿಗೆ ಹೋಗಬೇಕು. ಚಿತ್ರದುರ್ಗದಿಂದ ತುಮಕೂರು ಸುಮಾರು 80 ಮೈಲಿ. ಬೆಂಗಳೂರಿನಿಂದ ಹರಿಹರದವರೆಗಿನ ರೈಲುದಾರಿ ಪೂರ್ತಿಯಾದದ್ದು 1889ರಲ್ಲಿ. ಆ ಹೊತ್ತಿಗೆ ಅದು ಆಗಿರಲಿಲ್ಲ. ಎತ್ತಿನ ಗಾಡಿ ದಿನಕ್ಕೆ ಹದಿನೈದು ಇಪ್ಪತ್ತು ಮೈಲಿ ಹೋದೀತೆಂದು ಹಿಡಿದರೆ, ದುರ್ಗದಿಂದಾಚೆಗೆ ಹೋಗಲು ನಾಲ್ಕೈದು ದಿನ, ಬರಲು ನಾಲ್ಕೈದು ದಿನ. ದೊರೆಗಳು ಸರ್ಕೀಟು ಹೊರಟಿದ್ದರೆ ಅಲ್ಲಿಯೇ ಛತ್ರದಲ್ಲಿ ಕಾಯಬೇಕು. ಅಷ್ಟರಲ್ಲಿ ಊರಿನ ಹೊಲದಲ್ಲಿ ಹದ ಮಳೆ ಬಂದುಹೋಗುತ್ತದೆ. ಆ ಎತ್ತು, ಆ ಗಾಡಿ, ಆ ಹತ್ತು ಹದಿನೈದು ದಿನಗಳ ಕೂಲಿ, ತಪ್ಪಿದ ಬಿತ್ತನೆ, ಇವು ಯಾವ ಕಲಮಿನಲ್ಲಿ ಬರುತ್ತವೆ? ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಇವುಗಳಿಗೆ ಮನೆಯನ್ನೇ ಹಾಕಿಲ್ಲ.

ಈ ವೆಚ್ಚವನ್ನು ಹೊರಬೇಕಾದವನಾದರೂ ಎಂಥವನು? ಧಾತು ಈಶ್ವರಗಳ ಬರವನ್ನು ದಾಟಿ ಬದುಕುಳಿದವನು. ನಾಲ್ಕೈದು ವರ್ಷಗಳ ಹಿಂದೆ ಅವನ ಊರಿನ ಜನ ಸತ್ತಿದ್ದರು, ದನಗಳು ಸತ್ತಿದ್ದವು. ಹೊರಲಾರದವನ ಹೆಗಲಿಗೇ ಹೊರೆ ಜಾರಿತು. ಅನುಕೂಲವಂತನಾದ ಜಮೀನುದಾರನಿಗೆ ತುಮಕೂರು ದೂರವಲ್ಲ. ಅವನ ಪರವಾಗಿ ಹೋಗಿಬರಲು ಮನುಷ್ಯರಿರುತ್ತಾರೆ. ಬಡವನು ಅಷ್ಟು ದೂರ ನಡೆಯುವ ಬದಲು ಅನ್ಯಾಯವನ್ನೇ ನುಂಗಿಕೊಂಡು ಸುಮ್ಮನಾಗುತ್ತಾನೆ. ಆಗ ಕಚೇರಿಗೆ ಬರುವ ಅರ್ಜಿಗಳು ಕಡಿಮೆಯಾಗುತ್ತವೆ. ಅರ್ಜಿಗಳು ಕಡಿಮೆಯಾದುವೆಂದರೆ ಕೆಲಸ ಸುಸೂತ್ರವಾಗಿದೆಯೆಂದು ವರದಿ ಬರೆಯುವುದು ಕಷ್ಟವಲ್ಲ.

ಹೀಗೆಂದ ಮಾತ್ರಕ್ಕೆ ರಂಗಾಚಾರ್ಲು ಅವರು ಜನರನ್ನು ಮರೆತ ಆಡಳಿತಗಾರರೆಂದು ನಾನು ಸೂಚಿಸುತ್ತಿಲ್ಲ. ಸಂಗತಿ ಅದಕ್ಕೆ ತೀರ ವಿರುದ್ಧವಾಗಿದೆ. ಕಚೇರಿಗಳಲ್ಲಿ ಕೈ ಬಿಗಿಹಿಡಿದ ಅವರೇ ರೈಲುದಾರಿಯ ವಿಷಯದಲ್ಲಿ ಕೈ ಬಿಚ್ಚಿದರು. ಕ್ಷಾಮದಲ್ಲಿ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯವನ್ನು ಅಲ್ಲಿಂದ ಒಳನಾಡಿಗೆ ಸಾಗಿಸಲು ಎತ್ತುಗಳನ್ನೇ ನಂಬಬೇಕಾಗಿತ್ತು. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಆ ಪಾಠವನ್ನು ಅವರು ಮರೆಯಲಿಲ್ಲ. ಕ್ಷಾಮದ ಪರಿಹಾರ ಕಾಮಗಾರಿಯಾಗಿ ಮಣ್ಣಿನ ಕೆಲಸ ಮೊದಲಾಗಿದ್ದ ಬೆಂಗಳೂರು-ಮೈಸೂರು ದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಉಳಿಸುವುದು ಬೇರೆ, ಜಿಪುಣತನ ಬೇರೆ ಎಂಬ ವಿವೇಕ ಅವರಿಗಿತ್ತು.

ಇದಕ್ಕಿಂತ ಹಿರಿದಾದ ಅವರ ಕೊಡುಗೆ ಮೈಸೂರಿನ ಪ್ರಜಾಪ್ರತಿನಿಧಿ ಸಭೆ. ಅಧಿಕಾರಕ್ಕೆ ಬಂದ ವರ್ಷವೇ, 1881ರ ಅಕ್ಟೋಬರ್ 7ರಂದು, ದಸರೆಯ ಉತ್ಸವ ಮುಗಿದ ಸಮಯದಲ್ಲಿ, ಅದರ ಮೊದಲನೆಯ ಅಧಿವೇಶನ ನಡೆಯಿತು. 144 ಮಂದಿ ಸದಸ್ಯರು. ತಾಲ್ಲೂಕುಗಳಿಂದ ಬಂದ ಭೂಹಿಡುವಳಿದಾರರು, ಜಿಲ್ಲೆಗಳಿಂದ ಬಂದ ವರ್ತಕರು. ಅವರಿಗೆ ಮತ ಕೊಡುವ ಅಧಿಕಾರವಿರಲಿಲ್ಲ, ಆಯವ್ಯಯವನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಅವರು ಇಡೀ ನಾಡಿನ ಬಡವರ ಪ್ರತಿನಿಧಿಗಳೂ ಆಗಿರಲಿಲ್ಲ. ಇಷ್ಟೆಲ್ಲ ಕೊರತೆಗಳಿದ್ದರೂ ಅಂದು ನಡೆದದ್ದು ಅಪೂರ್ವವಾದ ಸಂಗತಿ. ರಾಜ್ಯದ ಆದಾಯವೆಷ್ಟು, ಖರ್ಚೆಷ್ಟು, ಏನನ್ನು ಮಾಡಿದ್ದೇವೆ, ಏನನ್ನು ಮಾಡಲಿದ್ದೇವೆ ಎಂಬುದನ್ನು ದಿವಾನರು ಪ್ರಜೆಗಳ ಮುಂದೆ ನಿಂತು ಹೇಳಿದರು. ಅವರ ಕಷ್ಟಗಳನ್ನು ಕೇಳಿಸಿಕೊಂಡರು. ದೇಶೀಯ ಸಂಸ್ಥಾನವೊಂದರಲ್ಲಿ ಇಂಥ ಸಭೆ ಸೇರಿದ್ದು ಅದೇ ಮೊದಲು.

ವೆಚ್ಚಕಡಿತಕ್ಕೂ ಪ್ರತಿನಿಧಿ ಸಭೆಗೂ ಏನು ಸಂಬಂಧವೆಂದು ಕೇಳಬಹುದು. ನನ್ನ ಮಟ್ಟಿಗೆ ಈ ಎರಡೂ ಒಂದೇ ನಾಣ್ಯದ ಮುಖಗಳು. ಕಚೇರಿಯಲ್ಲಿ ಕುಳಿತವನಿಗೆ ಕಚೇರಿಯ ಖರ್ಚು ಮಾತ್ರ ಕಾಣುತ್ತದೆ. ಕಚೇರಿಗೆ ಬರುವವನ ಖರ್ಚು ಅವನಿಗೆ ಕಾಣಬೇಕಾದರೆ, ಬರುವವನು ಎದುರಿಗೆ ನಿಂತು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಲು ಒಂದು ಜಾಗವಿರಬೇಕು. ಸರ್ಕಾರದ ಲೆಕ್ಕದಲ್ಲಿ ಇಲ್ಲದ ಕಲಮನ್ನು ತುಂಬಬಲ್ಲವರು ಪ್ರಜೆಗಳೇ.

ರಂಗಾಚಾರ್ಲು ಅವರು ದಿವಾನರಾಗಿ ಇದ್ದದ್ದು ಎರಡು ವರ್ಷಗಳೂ ತುಂಬಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಅವರ ಅನಂತರ ಬಂದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಹಾಸನವೂ ಚಿತ್ರದುರ್ಗವೂ ಮತ್ತೆ ಜಿಲ್ಲೆಗಳಾದವು. ಈ ವರ್ಷವನ್ನು ಸ್ವಲ್ಪ ಗಮನಿಸಬೇಕು. ಏರಿಸಿದ ಪೊಗದಿಯನ್ನು ಕಟ್ಟಬೇಕಾದ ಗಡುವು ಬಂದ ವರ್ಷವೂ ಅದೇ. ಅದನ್ನು ಇನ್ನೂ ಹತ್ತು ವರ್ಷ ಮುಂದಕ್ಕೆ ಹಾಕಿದ್ದರಿಂದ ಸಂಸ್ಥಾನ ಉಸಿರಾಡುವಂತಾಯಿತು. ಎಂದರೆ ಬೊಕ್ಕಸ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಆ ಜಿಲ್ಲೆಗಳು ಮರಳಿ ಬರಲಿಲ್ಲ. ನಾಲ್ಕೇ ವರ್ಷಗಳಲ್ಲಿ ಆ ಕಡಿತವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತೆಂದರೆ ಆ ಉಳಿತಾಯ ಉಳಿಯುವಂಥದಾಗಿರಲಿಲ್ಲವೆಂದೇ ನಾನು ತಿಳಿಯುತ್ತೇನೆ.

ಅದೇ ಶೇಷಾದ್ರಿ ಅಯ್ಯರ್ ಅವರ ಕಾಲದ ಇನ್ನೊಂದು ಕಡಿತವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಮೈಸೂರಿಗೆ ತನ್ನದೇ ಆದ ಅಂಚೆಯಿತ್ತು. ಹದಿನೇಳನೆಯ ಶತಮಾನದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ವ್ಯವಸ್ಥೆ ಅದು. ತಿರುಮಲಾರ್ಯನೂ ಸಂಚಿಯ ಹೊನ್ನಮ್ಮನೂ ಬಾಳಿದ ಕಾಲ. ಹಳೆಯ ಕಾವ್ಯಗಳಲ್ಲಿ ಅಂಚೆ ಎಂದರೆ ಹಂಸ. ದಮಯಂತಿಗೆ ನಳನ ಸುದ್ದಿಯನ್ನು ತಂದದ್ದೂ ಹಂಸವೇ. ಈ ಎರಡಕ್ಕೂ ನಂಟು ಕಲ್ಪಿಸಿ ಸಂತೋಷಪಡುವ ರಸಿಕರಿದ್ದಾರೆ. ಅದು ಹೇಗಾದರಿರಲಿ, ಬ್ರಿಟಿಷ್ ಇಂಡಿಯಾದ ಟಪಾಲು ಇಲ್ಲಿ ಹರಡಿದ ಮೇಲೆ ಒಂದೇ ನಾಡಿನಲ್ಲಿ ಎರಡು ಟಪಾಲುಗಳು ಓಡಾಡತೊಡಗಿದವು. 1889ರಲ್ಲಿ ಮೈಸೂರಿನ ಅಂಚೆಯನ್ನು ಇಂಡಿಯಾ ಸರ್ಕಾರದ ಟಪಾಲಿನಲ್ಲಿ ವಿಲೀನಗೊಳಿಸಿದರು. ಎರಡು ನೂರು ವರ್ಷಗಳ ಒಂದು ಸಂಸ್ಥೆ ಕಣ್ಮರೆಯಾಯಿತೆಂದು ಮನಸ್ಸಿಗೆ ನೋವಾಗುವುದು ಸಹಜ. ಆದರೆ ಜನರ ಕಡೆಯಿಂದ ನೋಡಿದರೆ ಯಾರ ಮನೆಯೂ ಟಪಾಲಿನಿಂದ ದೂರವಾಗಲಿಲ್ಲ. ಒಂದೇ ಏರ್ಪಾಡಿನಲ್ಲಿ ಕಾಗದ ಇಡೀ ದೇಶವನ್ನು ಸುತ್ತಿಬರುವಂತಾಯಿತು. ಇಲಾಖೆ ಹೋಯಿತು, ಅನುಕೂಲ ಉಳಿಯಿತು, ಮಾತೂ ಉಳಿಯಿತು. ಇಂದಿಗೂ ನಾವು ಅಂಚೆಯೆಂದೇ ಅನ್ನುತ್ತೇವೆ.

ಒಂದೇ ಸಂಸ್ಥಾನದಲ್ಲಿ, ಏಳೆಂಟು ವರ್ಷಗಳ ಅಂತರದಲ್ಲಿ, ಎರಡು ಬಗೆಯ ಕಡಿತಗಳು. ಒಂದರಲ್ಲಿ ಖರ್ಚು ಇಲ್ಲವಾಯಿತು. ಇನ್ನೊಂದರಲ್ಲಿ ಖರ್ಚು ರೈತನ ಗಾಡಿಯನ್ನೇರಿತು. ಮುಂದೆ 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕಚೇರಿಗಳಲ್ಲಿ ಹಣದ ಲೆಕ್ಕದ ತನಿಖೆ ಮಾತ್ರ ಸಾಲದು, ದಕ್ಷತೆಯ ತನಿಖೆಯೂ ಆಗಬೇಕೆಂದು ಏರ್ಪಾಡು ಮಾಡಿದರು. ಕಚೇರಿ ಎಷ್ಟು ತಿನ್ನುತ್ತದೆಂಬುದರ ಜೊತೆಗೆ ಅದು ಎಷ್ಟು ಕೆಲಸ ಮಾಡಿಕೊಡುತ್ತದೆಂದೂ ಕೇಳಬೇಕೆಂಬ ವಿವೇಕ ಅದರ ಹಿಂದಿತ್ತು. ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೇಳಿದರೆ, ಬಾಗಿಲು ಮುಚ್ಚಿದ ಕಚೇರಿಯೇ ಎಲ್ಲಕ್ಕಿಂತ ಮಿತವ್ಯಯದ ಕಚೇರಿಯೆಂದು ತೀರ್ಮಾನಿಸಬೇಕಾದೀತು.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ತೊಂಬತ್ತರ ದಶಕದಲ್ಲಿ ಒಂದು ತಾಲ್ಲೂಕು ಊರಿನ ಕಾಲೇಜಿನಲ್ಲಿ ಕೆಲವು ಕಾಲ ನಾನು ಪ್ರಾಂಶುಪಾಲನ ಕೆಲಸವನ್ನು ನೋಡಿಕೊಳ್ಳಬೇಕಾಯಿತು. ವೆಚ್ಚವನ್ನು ತಗ್ಗಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂತು. ಏನನ್ನು ತಗ್ಗಿಸುವುದು? ಸಂಜೆ ಏಳರವರೆಗೆ ತೆರೆದಿರುತ್ತಿದ್ದ ಗ್ರಂಥಾಲಯವನ್ನು ಐದು ಗಂಟೆಗೇ ಮುಚ್ಚಿಸಿದೆ. ಒಬ್ಬ ಜವಾನನ ಹೆಚ್ಚುವರಿ ಭತ್ಯೆ, ಅಷ್ಟಿಷ್ಟು ವಿದ್ಯುತ್ತು ಉಳಿಯಿತು. ಅದನ್ನು ಅಂದವಾಗಿ ಪಟ್ಟಿಮಾಡಿ ಕಳುಹಿಸಿದೆ. ಮನಸ್ಸಿಗೆ ತೃಪ್ತಿಯೂ ಆಯಿತು.

ಹಲವು ವರ್ಷಗಳ ಅನಂತರ ಒಂದು ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ ನಮಸ್ಕರಿಸಿದ. ಈಗ ಅವನು ಹೈಸ್ಕೂಲಿನಲ್ಲಿ ಉಪಾಧ್ಯಾಯ. ಅದೂ ಇದೂ ಮಾತಾಡುತ್ತ ನಗುನಗುತ್ತಲೇ ಹೇಳಿದ: “ಆ ವರ್ಷ ಲೈಬ್ರರಿ ಐದಕ್ಕೇ ಮುಚ್ಚಿಬಿಡ್ತಿತ್ತಲ್ಲ ಸಾರ್, ನಾವು ಮಂಡಿಯಲ್ಲಿ ಲೆಕ್ಕ ಬರೆದು ಬರೋ ಹೊತ್ತಿಗೆ ಬೀಗ ಬಿದ್ದಿರ್ತಿತ್ತು. ನಮ್ಮ ಜೊತೆ ಇದ್ದ ಇನ್ನೊಬ್ಬ ಪುಸ್ತಕ ಕೊಳ್ಳೋಕಾಗದೆ ಪರೀಕ್ಷೆ ಬಿಟ್ಟ ಸಾರ್. ಈಗಲೂ ಮಂಡಿಯಲ್ಲೇ ಇದ್ದಾನೆ.” ಮುಚ್ಚಿಸಿದವನು ನಾನೆಂಬುದು ಅವನಿಗೆ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನಾನು ಕಳುಹಿಸಿದ ಪಟ್ಟಿಯಲ್ಲಿ ಆ ಹುಡುಗನ ಒಂದು ವರ್ಷಕ್ಕೆ ಕಲಮು ಇರಲಿಲ್ಲ. ಹಾಸನ, ಚಿತ್ರದುರ್ಗಗಳ ಕಥೆಯನ್ನು ಇತಿಹಾಸದ ಪುಸ್ತಕದಲ್ಲಿ ನಾನು ಮೊದಲೇ ಓದಿದ್ದೆ. ಓದಿದ್ದು ಅರ್ಥವಾದದ್ದು ಆ ಬಸ್ ನಿಲ್ದಾಣದಲ್ಲಿ.

ಈ ಪ್ರಶ್ನೆ ಹಳೆಯದಾಗಿಲ್ಲ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಹದಿನೈದು ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಕೈಗೆ ಸಿಗುವಂತಾಯಿತು. ಗ್ರಾಮಲೆಕ್ಕಿಗರ ಮರ್ಜಿ ಕಾಯಬೇಕಾಗಿದ್ದ, ಕೈ ಬಿಸಿ ಮಾಡಬೇಕಾಗಿದ್ದ ರೈತನಿಗೆ ಇದು ದೊಡ್ಡ ಬಿಡುಗಡೆ; ಅದನ್ನು ಮನಸಾರೆ ಒಪ್ಪಬೇಕು. ಆದರೆ ಆರಂಭದಲ್ಲಿ ಆ ಯಂತ್ರಗಳಿದ್ದದ್ದು ತಾಲ್ಲೂಕು ಕೇಂದ್ರಗಳಲ್ಲಿ. ಕೈಬರಹದ ಪಹಣಿಗೆ ಮಾನ್ಯತೆ ಹೋದ ಮೇಲೆ ದೂರದ ಹಳ್ಳಿಯವನು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಹದಿನೈದು ರೂಪಾಯಿಗೆ ಕೂಡಿಸಬೇಕಾಯಿತು. ಮುಂದೆ ನಾಡಕಚೇರಿಗಳಲ್ಲಿಯೂ, ಅಂತರಜಾಲದಲ್ಲಿಯೂ ಪಹಣಿ ದೊರೆಯುವಂತಾದಾಗ ಆ ಸುಧಾರಣೆ ಪೂರ್ಣತೆಯ ಕಡೆಗೆ ನಡೆಯಿತು. ಯಂತ್ರ ಒಳ್ಳೆಯದೇ ಆಗಿತ್ತು; ಅದು ರೈತನಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದರ ಮೇಲೆ ಅದರ ಬೆಲೆ ನಿಂತಿತ್ತು. 1997ರಲ್ಲಿ ಏಳು ಹೊಸ ಜಿಲ್ಲೆಗಳಾದಾಗ ಚಿತ್ರದುರ್ಗದಿಂದ ದಾವಣಗೆರೆ ಬೇರೆಯಾಯಿತು. ಹೊಸ ಜಿಲ್ಲೆ, ಹೊಸ ತಾಲ್ಲೂಕುಗಳ ಬೇಡಿಕೆ ಬಂದಾಗಲೆಲ್ಲ ಇದು ದುಂದು ಎಂದು ಹೇಳುವವರಿದ್ದಾರೆ. ಕೆಲವು ವೇಳೆ ಅವರ ಮಾತು ಸರಿಯೂ ಇರಬಹುದು. ಆದರೆ ಆ ತೀರ್ಪನ್ನು ಕೊಡುವ ಮೊದಲು ಎರಡೂ ಕಡೆಯ ಖರ್ಚನ್ನು ಬರೆದುಕೊಳ್ಳುವುದು ಧರ್ಮ.

ಸರ್ಕಾರದ ಹಣ ಪ್ರಜೆಗಳ ಬೆವರು. ಅದರಲ್ಲಿ ಒಂದು ಕಾಸೂ ಪೋಲಾಗಬಾರದು. ಪ್ರಜೆಗಳ ಹೊತ್ತೂ ಅವರ ಬೆವರೇ. 1881ರಲ್ಲಿ ಮೈಸೂರಿನಲ್ಲಿ ಸೇರಿದ್ದ ಆ 144 ಮಂದಿಯಲ್ಲಿ ಚಿತ್ರದುರ್ಗದ ಸೀಮೆಯಿಂದಲೂ ಹಾಸನದ ಸೀಮೆಯಿಂದಲೂ ಬಂದವರಿದ್ದಿರಬೇಕು. ತಮ್ಮ ಜಿಲ್ಲೆ ಇನ್ನು ಕೆಲವೇ ತಿಂಗಳುಗಳಲ್ಲಿ ಇಲ್ಲವಾಗುತ್ತದೆಂದು ಅವರು ಅಂದು ಅರಿತಿದ್ದರೋ ಇಲ್ಲವೋ. ಊರಿಗೆ ಹಿಂದಿರುಗುವ ದಾರಿಯಲ್ಲಿ ಗಾಡಿಯ ಮೇಲೆ ಕುಳಿತು ದಿವಾನರು ಓದಿದ ಲಕ್ಷಗಳ ಲೆಕ್ಕವನ್ನು ಅವರು ಮೆಲುಕು ಹಾಕಿರಬಹುದು. ಆಡಳಿತದ ಮಿತವ್ಯಯವನ್ನು ಕುರಿತು ಯಾವುದೇ ವರದಿಯನ್ನು ಓದುವಾಗಲೂ ನನ್ನ ಕಣ್ಣ ಮುಂದೆ ಬರುವುದು ಆ ಗಾಡಿ. ವರದಿಯನ್ನು ಬರೆಯುವವರಿಗೂ ಅದು ಒಂದು ಸಲ ಕಂಡರೆ ಸಾಕು.

(ಬಾನುಲಿ ಭಾಷಣ)